ಕೈ ಮುಗಿದರೆ ಏಳುವ ಎಮ್ಮೆಯಲ್ಲ

ಮುಗ್ಧ ಅಂತೆ! ನಮ್ಮ ಅಕ್ಕೋರು ಮುಗ್ಧ ಕತೆಗಳನ್ನು ಬರೆದರಂತೆ! ಮೊನ್ನೆ ಹೊಸಪೇಟೆಯ ಒಂದು ಕಲ್ಯಾಣಮಂಟಪದಲ್ಲಿ ಅವರ ಫೋಟೋಗೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಮೈಕಿನ ಮುಂದೆ ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಇದನ್ನೇ ಹೇಳಿದರು. "ಮಕ್ಕಳ ಹಸಿ ಮನಸ್ಸಿಗೆ ರಾಜಕೀಯದ ಗಾಳಿ ಸೋಕದ ಹಾಗೆ ಬರೆದ ಮಹಾತಾಯಿ" ಅಂತ ಒಬ್ಬ ನಿವೃತ್ತ ಅಧಿಕಾರಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡ. ಕೂತಲ್ಲೇ ನನಗೆ ಮೈ ಉರಿದುಹೋಯಿತು. ಸತ್ತವರು ಎದ್ದು ಬಂದು ಜಗಳ ಆಡುವುದಿಲ್ಲ ಅನ್ನುವ ಧೈರ್ಯ ನೋಡ್ರಿ ಈ ಮಂದಿಗೆ! ಆಯಮ್ಮ ಬದುಕಿದ್ದಾಗ ಇದೇ ಮಾತನ್ನು ಅವರ ಎದುರಿಗೆ ಆಡಿದ್ದರೆ, ಆಡಿದವನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಓಡಬೇಕಾಗಿತ್ತು.

ಅಕ್ಕೋರು ಅಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಯಾವುದೋ ಸರ್ಕಲ್ಲಿಗೆ ಆ ಹೆಸರಿಟ್ಟು, ಬೋರ್ಡು ನೆಟ್ಟು, ಕೈ ತೊಳೆದುಕೊಂಡುಬಿಡುತ್ತಾರೆ. ಅವರು ಬರೆದದ್ದೇನು ಅಂತ ಒಬ್ಬರೂ ಓದುವುದಿಲ್ಲ. ನನಗೆ ಬೇಕಾದದ್ದು ಒಂದೇ. ಅವರು ಬರೆದದ್ದು ಅವರು ಬರೆದ ಹಾಗೇ ಉಳಿಯಬೇಕು, ಅದರಲ್ಲೂ ಒಂದು ಕಪ್ಪೆಯ ಕತೆಯ ಕೊನೆಯ ಪುಟ.

ನಾನು ಪ್ರೆಸ್ಸಿನವನು. ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮಷೀನು, ಅಚ್ಚಿನ ಮೊಳೆ ಜೋಡಿಸಲು ಇಬ್ಬರು ಆಳು, ಇಷ್ಟೇ ನನ್ನ ಸಂಸಾರ. ಡ್ಯಾಮಿನ ನೀರು ಕಾಲುವೆಗೆ ಹರಿದು ಕಬ್ಬು, ಭತ್ತ ಎದ್ದು ನಿಂತ ಕಾಲ ಅದು. ಹೊಸ ಟಾಕೀಸು, ಹೊಸ ಟ್ರ್ಯಾಕ್ಟರು, ಹೊಸ ಮಾಳಿಗೆ ಮನೆ. ಮದುವೆ ಕಾರ್ಡುಗಳಂತೂ ವರ್ಷದಿಂದ ವರ್ಷಕ್ಕೆ ದಪ್ಪಗಾದವು. ಅವುಗಳ ಅಂಚು ಕತ್ತರಿಸಿದ ಗುಲಾಬಿ, ಹಳದಿ ಚೂರುಗಳು ಪ್ರೆಸ್ಸಿನ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಸಾಲಿಯ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಬಂದ ಒಬ್ಬ ಗಿಡ್ಡ ಹೆಣ್ಣುಮಗಳು, ಬಗಲಲ್ಲಿ ಕರೀ ಕೊಡೆ, ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಇವನ್ನೆಲ್ಲಾ ಏನ್ ಮಾಡ್ತೀರಿ?"

"ಒಲಿಗೆ ಹಾಕ್ತೀವ್ರಿ ಅಕ್ಕೋರ."

"ಒಲಿಗ್ಯಾಕ್ರಿ? ಪುಸ್ತಕ ಮಾಡ್ರಿ."

ಅಂಗೈ ಅಗಲದ ಚೂರಿನಲ್ಲಿ ಎಂಥ ಪುಸ್ತಕ ಅಂತ ನಾನು ನಕ್ಕೆ. ಅವರು ನಗಲಿಲ್ಲ. "ನಮ್ಮ ಸಾಲಿ ಮಕ್ಕಳು ನಾಟಿಗೆ, ಕಳೆಗೆ ಹೋಗ್ತಾವು. ಕೈಯಾಗ ದೊಡ್ಡ ಪುಸ್ತಕ ಕಂಡ್ರ ಹೊಲದಾರು ಬೈತಾರ. ಇಷ್ಟಗಲ ಇತ್ತಂದ್ರ ಉಡಿಯಾಗ ಇಟ್ಕೊಂಡು ಹೋಗಿ, ಬುತ್ತಿ ಬಿಚ್ಚಿದಾಗ ಓದ್ಕೊಂತಾವು" ಅಂದರು. ಹಂಗೆ ಶುರುವಾಯಿತು ನಮ್ಮ ಕೆಲಸ. ಒಂದು ಪುಸ್ತಕಕ್ಕೆ ಒಂದೇ ಕತೆ. ನಡುವೆ ದಾರದ ಹೊಲಿಗೆ. ಹೊಲಿಗೆಯನ್ನು ಅಕ್ಕೋರೇ ಹಾಕುವರು, ಬಸ್ಸಿಗೆ ಕಾಯುತ್ತ ನನ್ನ ಕಟ್ಟೆಯ ಮೇಲೆ ಕೂತು.

ಮೊಳೆ ಜೋಡಿಸುವುದಕ್ಕೆ ಮೊದಲು ಕತೆಗೊಂದು ಪರೀಕ್ಷೆ ಇತ್ತು. ನಮ್ಮ ಸಂದಿಯ ಮಕ್ಕಳನ್ನು ಅದೇ ಕಟ್ಟೆಯ ಮೇಲೆ ಕೂರಿಸಿ, ಒಂದೊಂದು ಹಿಡಿ ಶೇಂಗಾ ಹಂಚಿ ಓದುವರು. ನಡುವೆ ಯಾವುದಾದರೂ ಮಗು ಉಚ್ಚೆಗೆ ಎದ್ದರೆ ಅಲ್ಲೇ ಓದು ನಿಲ್ಲಿಸಿ ಪೆನ್ಸಿಲ್ಲಿನಿಂದ ಗೀಟು ಹಾಕುವರು. "ಇಲ್ಲಿ ಕತಿ ಸತ್ತೈತಿ. ತಗೀರಿ."

"ಅಲ್ರೀ ಅಕ್ಕೋರ, ಹುಡುಗಗ ಖರೇನೇ ಬಂದಿತ್ತೇನೋ."

"ಕತಿ ಗಟ್ಟಿ ಇದ್ರ ತಡ್ಕೊಂತಾನ ಬಿಡ್ರಿ."

ಆ ಗೀಟು ಬೀಳುತ್ತಿದ್ದದ್ದು ಹೆಚ್ಚಾಗಿ ಉಪದೇಶದ ಸಾಲುಗಳ ಮೇಲೆ. ನನಗೆ ಇಷ್ಟವಾದ ಎಷ್ಟೋ ಒಳ್ಳೊಳ್ಳೆ ಮಾತು ಹಾಗೆ ಹೋದವು. ಒಂದನ್ನೂ ಉಳಿಸಲಿಲ್ಲ ಪುಣ್ಯಾತ್ಗಿತ್ತಿ.

ಪಠ್ಯಪುಸ್ತಕದ ಕತೆಗಳನ್ನು ಕಂಡರೆ ಅವರಿಗೆ ಭಾಳ ಸಿಟ್ಟು. "ನೋಡ್ರಿ ಇಲ್ಲಿ. ಬಡವರ ಹುಡುಗ ದಾರ್ಯಾಗ ಸಿಕ್ಕ ಚೀಲ ವಾಪಸ್ ಕೊಡ್ತಾನ, ಸಾವ್ಕಾರ ಬೆನ್ನು ತಟ್ತಾನ. ಎಲ್ಲಾ ಕತ್ಯಾಗೂ ಬಡವರ ಹುಡುಗನೇ ವಾಪಸ್ ಕೊಡ್ಬೇಕು. ಸಾವ್ಕಾರ ಏನಾರ ವಾಪಸ್ ಕೊಟ್ಟ ಕತಿ ಒಂದಾರ ಐತೇನ್ರಿ?" ಅವತ್ತಿನಿಂದ ಹುಡುಕುತ್ತಲೇ ಇದ್ದೇನೆ, ಇನ್ನೂ ಸಿಕ್ಕಿಲ್ಲ.

ಹಾಗಂತ ಅಕ್ಕೋರು ದೇವತೆ ಏನಲ್ಲ. ಮುಂಗೋಪಿ. ಹೊಗಳುವುದರಲ್ಲಿ ಮಹಾ ಜುಗ್ಗಿ. ಒಂದು ಅಕ್ಷರ ಉಲ್ಟಾ ಬಿದ್ದರೂ "ಮದುವಿ ಕಾರ್ಡಿನ್ಯಾಗ ಮದುಮಗನ ಹೆಸರು ಹಿಂಗ ಹಾಕಿದ್ರ ಬೀಗರು ನಿಮ್ಮನ್ನ ಸುಮ್ನ ಬಿಡ್ತಿದ್ರೇನು? ಮಕ್ಕಳು ಅಂದ್ರ ಹೆಂಗಾರ ನಡೀತೈತಿ ಅಲ್ರೀ?" ಅಂತ ಇಡೀ ಸಂದಿಗೆ ಕೇಳುವ ಹಾಗೆ ಕೂಗುವರು. ಒಮ್ಮೆ ಪುಟದ ಖಾಲಿ ಜಾಗ ತುಂಬಿಸಲು ನಾನೇ ಒಂದು ಕತೆಯ ಕೆಳಗೆ "ಹಿರಿಯರ ಮಾತು ಮೀರಬಾರದು" ಅಂತ ಸೇರಿಸಿದ್ದೆ ಅನ್ನಿ. ಆ ಸಾಲಿರುವ ಪುಟವನ್ನು ಅಷ್ಟೂ ಪುಸ್ತಕಗಳಿಂದ ಕಿತ್ತು, ಮತ್ತೆ ಅಚ್ಚು ಹಾಕಿಸಿ, ಮತ್ತೆ ಹೊಲಿದರು. ಆದರೆ ನಿಜವಾದ ಸಿಟ್ಟು ಬಂದಾಗ ಕೂಗುತ್ತಿರಲಿಲ್ಲ. ದನಿ ಮೆತ್ತಗಾಗಿ "ಸಾಹೇಬ್ರ" ಅನ್ನುವ ಮಾತು ಹೊರಗೆ ಬೀಳುತ್ತಿತ್ತು. ಅದು ಬಿತ್ತು ಅಂದರೆ ಎದುರಿಗಿದ್ದವನ ಗತಿ ಮುಗಿಯಿತು ಅಂತಲೇ ಅರ್ಥ.

ಇನ್ನು ಆ ಕಪ್ಪೆಯ ಕತೆ. ಅಕ್ಕೋರ ಸಾಲಿ ಇದ್ದದ್ದು ಕಂಪ್ಲಿಯ ದಾರಿಯಲ್ಲಿ, ಕಾಲುವೆಯ ಕಟ್ಟಕಡೆಯ ಹಳ್ಳಿಯಲ್ಲಿ. ಸರ್ಕಾರದ ನಕ್ಷೆಯಲ್ಲಿ ಅಲ್ಲಿಗೂ ನೀರಿತ್ತು. ಆದರೆ ಮೇಲ್ಗಡೆಯವರು ಕಂಡಕಂಡಲ್ಲಿ ಕಾಲುವೆಗೆ ತೂತು ಹೊಡೆದು, ಜೋಳ ಶೇಂಗಾ ಬೆಳೀರಿ ಅಂತ ಹೇಳಿದ ಹೊಲದಲ್ಲಿ ಕಬ್ಬು, ಭತ್ತ ನಿಲ್ಲಿಸಿ, ನೀರು ಕೊನೆಯ ಹೊಲಗಳಿಗೆ ಮುಟ್ಟುವ ಹೊತ್ತಿಗೆ ಕಾಲುವೆಯಲ್ಲಿ ಬರೀ ಹಸಿ ಮಣ್ಣು ಉಳಿದಿರುತ್ತಿತ್ತು. ಅಲ್ಲಿಯ ಮಕ್ಕಳು ತಮ್ಮ ಒಣ ಹೊಲ ಬಿಟ್ಟು ಮೇಲಿನ ಹಳ್ಳಿಯ ಕಬ್ಬಿಗೆ ಕೂಲಿ ಹೋಗುತ್ತಿದ್ದವು. ತಮ್ಮ ಪಾಲಿನ ನೀರು ಕುಡಿದ ಕಬ್ಬಿಗೆ ತಾವೇ ಕಳೆ ಕೀಳುವುದು! ಎಂಥ ಅನ್ಯಾಯ ಹೇಳ್ರಿ ಇದು. ದೊಡ್ಡವರು ಯಾರೂ ಈ ಮಾತು ಎತ್ತುತ್ತಿರಲಿಲ್ಲ. ಅಕ್ಕೋರು ಎತ್ತಿದರು, ಅದೂ ಮೂರನೇ ಇಯತ್ತೆಯ ಮಕ್ಕಳಿಗೆ ತಿಳಿಯುವ ಹಾಗೆ.

ಕತೆ ಹೀಗಿದೆ. ಕೊನೆಯ ಹೊಲದ ಒಂದು ಕಪ್ಪೆ, ನೀರು ಯಾಕೆ ಬರಲಿಲ್ಲ ಅಂತ ಕೇಳುತ್ತ ಕಾಲುವೆಗುಂಟ ಮೇಲಕ್ಕೆ ಹೊರಡುತ್ತದೆ. ಏಡಿಯನ್ನು ಕೇಳಿದರೆ ನನಗೆ ಗೊತ್ತಿಲ್ಲಪ್ಪ ಅನ್ನುತ್ತದೆ. ಬಸವನಹುಳು, ಮೆಲ್ಲಗೆ ಮಾತಾಡು, ಯಾರಾದರೂ ಕೇಳಿಸಿಕೊಂಡಾರು ಅನ್ನುತ್ತದೆ. ನೀರು ಬಿಡುವ ತೂಬಿನ ಹತ್ತಿರ ಹೋಗಿ ನೋಡಿದರೆ, ಒಂದು ದಪ್ಪ ಎಮ್ಮೆ ಕಾಲುವೆಗೆ ಅಡ್ಡ ಮಲಗಿ ಮೆಲುಕು ಹಾಕುತ್ತಿದೆ. ಕಪ್ಪೆ ಕೈ ಮುಗಿದು ಕೇಳಿಕೊಳ್ಳುತ್ತದೆ. ಎಮ್ಮೆ ಹೇಳುತ್ತದೆ: "ನಾನು ಮಲಗಿರೋದು ನಿಮ್ಮ ಸಲುವಾಗೇ. ಎದ್ರ ನೀರು ರಾಡಿ ಆಗ್ತೈತಿ." ಕಪ್ಪೆ ವಾಪಸ್ ಹೋಗಿ ತನ್ನವರನ್ನೆಲ್ಲ ಕರೆದುಕೊಂಡು ಬರುತ್ತದೆ. ಎಲ್ಲ ಸೇರಿ ಎಮ್ಮೆಯ ಸುತ್ತ ಕೂತು ವಟಗುಟ್ಟುತ್ತವೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಬರೀ ವಟ ವಟ. ನಿದ್ದೆಗೆಟ್ಟ ಎಮ್ಮೆ ಕೊನೆಗೆ ಏಳುತ್ತದೆ, ನೀರು ಹರಿಯುತ್ತದೆ. ಇಷ್ಟೇ. ಕಟ್ಟೆಯ ಮೇಲೆ ಓದಿದ ದಿನ ಒಂದು ಮಗುವೂ ಎದ್ದು ಹೋಗಲಿಲ್ಲ.

ಮುಖಪುಟಕ್ಕೆ ಎಮ್ಮೆಯ ಚಿತ್ರ ಬೇಕು ಅಂದರು. ಚಿತ್ರ ಅಚ್ಚು ಹಾಕಲು ನನ್ನ ಹತ್ತಿರ ಇದ್ದ ಬ್ಲಾಕುಗಳೇ ನಾಲ್ಕಾರು. ಗಣಪತಿ, ಕಳಸ, ನವಿಲು, ಟ್ರ್ಯಾಕ್ಟರು. ಎಮ್ಮೆಯದು ಅಂತ ಇದ್ದದ್ದು ಒಂದೇ, ದನದ ಹಿಂಡಿ ಮಾರುವ ಅಂಗಡಿಯೊಂದರ ಹ್ಯಾಂಡ್‌ಬಿಲ್ಲಿಗೆ ಮಾಡಿಸಿದ್ದು. ಆ ಅಂಗಡಿ ಮೇಲಿನ ಹಳ್ಳಿಯ ಸಾವ್ಕಾರರದು. ತೂಬಿನ ಪಕ್ಕದ ಗದ್ದೆಗಳೂ ಅವರವೇ, ತಾಲ್ಲೂಕು ಬೋರ್ಡಿನ ಮೆಂಬರೂ ಅವರೇ.

"ಇದು ಸಾವ್ಕಾರರ ಎಮ್ಮಿರೀ ಅಕ್ಕೋರ, ಬ್ಯಾಡ" ಅಂದೆ.

"ಎಮ್ಮಿ ಮ್ಯಾಲೆ ಅವರ ಹೆಸರು ಬರದೈತೇನು? ದಪ್ಪಗ ಚಂದ ಐತಿ, ಹಾಕ್ರಿ" ಅಂದರು.

ಪುಸ್ತಕ ಬಂದು ಸ್ವಲ್ಪ ದಿನ ಆಗಿತ್ತು. ಸಂತೆಯ ದಿನ ಮಟಮಟ ಮಧ್ಯಾಹ್ನ ಸಾವ್ಕಾರರ ಜೀಪು ನನ್ನ ಸಂದಿಯ ಬಾಯಿಗೆ ಬಂದು ನಿಂತಿತು. ಆ ಗುಲಾಬಿ ಪುಸ್ತಕವನ್ನು ನನ್ನ ಮೂಗಿಗೆ ಹಿಡಿದು ಗುಡುಗಿದರು: "ಇದು ನನ್ನ ಎಮ್ಮಿ! ನನ್ನ ಎಮ್ಮಿನ ತಂದು ಕಾಲ್ವ್ಯಾಗ ಮಲಗಸ್ತೀಯೇನಲೇ!" ಅಲ್ಲಿಯ ತನಕ ಆ ಎಮ್ಮೆ ಯಾರು ಅಂತ ಯಾರ ತಲೆಗೂ ಹೊಳೆದಿರಲಿಲ್ಲ ನೋಡ್ರಿ. ಸಂತೆಗೆ ಬಂದ ಮಂದಿಯೆಲ್ಲ ಕಿವಿಯಾರೆ ಕೇಳಿದರು. ಸಂಜೆಯ ಬಸ್ಸುಗಳು ಹೊರಡುವ ಹೊತ್ತಿಗೆ ಗಾದಿಗನೂರಿನಿಂದ ಕಂಪ್ಲಿಯ ತನಕ ಒಂದೇ ಸುದ್ದಿ. ಕತೆಯ ಎಮ್ಮೆ ತಾನೇ ಅಂತ ಸಾವ್ಕಾರರು ಒಪ್ಪಿಕೊಂಡರಂತೆ! ಉಳಿದಿದ್ದ ಪುಸ್ತಕಗಳು ಅವತ್ತೇ ಖಾಲಿಯಾದವು. ಅಕ್ಕೋರಿಗೆ ಹೇಳಿದೆ. ನಗುವುದು ಬಿಟ್ಟು ಮುಖ ಸಣ್ಣಗೆ ಮಾಡಿಕೊಂಡರು. "ಇದರ ಹೊಡ್ತ ಮಕ್ಕಳ ಮ್ಯಾಲೆ ಬೀಳ್ತೈತ್ರಿ" ಅಂದರು.

ಬಿತ್ತು. ಮಾರನೆಯ ದಿನದಿಂದಲೇ ಸಾವ್ಕಾರರ ಕಬ್ಬಿನ ಗದ್ದೆಯ ಬದುವಿನಲ್ಲಿ ಮೇಸ್ತ್ರಿ ನಿಂತು, ಕೂಲಿಗೆ ಬಂದ ಮಕ್ಕಳ ಉಡಿ ಬಿಚ್ಚಿಸಿ ನೋಡತೊಡಗಿದ. ಕಬ್ಬು ಕದ್ದಾರೆಂದಲ್ಲ, ಕತೆ ಇಟ್ಟುಕೊಂಡಾರೆಂದು! ಸಿಕ್ಕ ಪುಸ್ತಕಗಳನ್ನು ಅಲ್ಲೇ ಹರಿದು ನೀರಿಗೆ ಬಿಟ್ಟ. ಎಂಟು ವರ್ಷದ ಕೂಸಿನ ಲಂಗದ ಮಡಿಕೆಯಲ್ಲಿ ಅಂಗೈ ಅಗಲದ ಕಾಗದ ಹುಡುಕುವ ಗಂಡಸನ್ನು ನೆನೆಸಿಕೊಳ್ಳಿ. ನನಗೆ ಇವತ್ತಿಗೂ ರಕ್ತ ಕುದಿಯುತ್ತದೆ. ಮಕ್ಕಳೇನು ಕಡಿಮೆಯೇ? ಕತೆಯನ್ನು ಬಾಯಿಪಾಠ ಮಾಡಿಕೊಂಡು ಕಳೆ ಕೀಳುತ್ತಲೇ ಒಬ್ಬರಿಗೊಬ್ಬರು ಹೇಳಿಕೊಂಡವು. ಮೇಸ್ತ್ರಿ ಹತ್ತಿರ ಬಂದರೆ ಯಾವುದೋ ಬದುವಿನಿಂದ "ವಟರ್" ಅಂತ ಒಂದು ಸದ್ದು.

ಆಮೇಲೆ ಶುರುವಾಯಿತು ಮೆತ್ತನೆಯ ಮಾತು. ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿಯನ್ನು ಮುಂದೆ ಮಾಡಿಕೊಂಡು ಸಾವ್ಕಾರರು ಪ್ರೆಸ್ಸಿಗೇ ಬಂದರು, ಅಕ್ಕೋರನ್ನೂ ಕರೆಸಿದರು. ಮಿರ್ಚಿ, ಒಗ್ಗರಣೆ ಮಂಡಕ್ಕಿ ತರಿಸಿದರು. ಅಧಿಕಾರಿ ಬಾಯಿ ಒರೆಸಿಕೊಂಡು ಹೇಳಿದ: "ಕತಿ ಭಾಳ ಚಲೋ ಐತ್ರಿ ಅಕ್ಕೋರ. ಕೊನಿ ಪುಟ ಒಂದು ಬದಲ್ ಮಾಡ್ರಿ. ಕಪ್ಪಿ ವಿನಯದಿಂದ ಕೈ ಮುಗೀತೈತಿ, ಎಮ್ಮಿ ಮನಸ್ಸು ಕರಗಿ ಎದ್ದು ನೀರು ಬಿಡ್ತೈತಿ. ಮಕ್ಕಳಿಗೆ ನೀತಿ ಹೇಳಿದಂಗೂ ಆತು. ದೊಡ್ಡ ಪುಸ್ತಕ ಮಾಡಿ ತಾಲ್ಲೂಕಿನ ಎಲ್ಲಾ ಸಾಲಿಗೂ ಹಂಚೋಣು. ಮಕ್ಕಳ ಕತ್ಯಾಗ ರಾಜಕೀಯ ಯಾಕ್ರಿ ಬೇಕು?"

ಎಲ್ಲಾ ಸಾಲಿಗೂ! ನನಗೇ ಒಂದು ಗಳಿಗೆ ಆಸೆಯಾಯಿತು. ಅಕ್ಕೋರು ಮಂಡಕ್ಕಿಯ ತಟ್ಟೆಯನ್ನು ಅತ್ತ ಸರಿಸಿದರು. ದನಿ ಮೆತ್ತಗಾಯಿತು.

"ಸಾಹೇಬ್ರ, ಕೈ ಮುಗಿಯೋದನ್ನ ನಮ್ಮ ಮಕ್ಕಳಿಗೆ ನಾನು ಕಲಿಸ್ಬೇಕಾಗಿಲ್ಲ. ನಡಿಯಾಕ ಬರೋ ಮೊದ್ಲೇ ಕಲ್ತಿರ್ತಾವು. ಇವರ ಜೀಪ್ ಬಂದ್ರ ಹಾದಿ ಬಿಟ್ಟು ಸರದು ನಿಂತು ಮುಗೀತಾವು. ಅವರಪ್ಪ ಮುಗದ, ಅವರಜ್ಜ ಮುಗದ. ಎಮ್ಮಿ ಎದ್ದೈತೇನ್ರಿ?"

ಅಧಿಕಾರಿ ಮತ್ತೊಂದು ಮಿರ್ಚಿಗೆ ಕೈ ಚಾಚಿದ. ಅಕ್ಕೋರೇ ಮುಂದುವರಿಸಿದರು: "ಸುಳ್ಳು ಬರೀಬೌದು ಸಾಹೇಬ್ರ. ಕಪ್ಪಿ ಮಾತಾಡೋದು ಸುಳ್ಳೇ ಅಲ್ರೀ. ಆದ್ರ ಮಕ್ಕಳಿಗೆ ಮೋಸ ಬರಿಯಾಂಗಿಲ್ಲ."

ಕೊಡೆ ಬಗಲಲ್ಲಿ ಇಟ್ಟುಕೊಂಡು ಹೊರಟೇ ಹೋದರು. ಈ ಮಂದಿಯ ನ್ಯಾಯ ಹೆಂಗಿದೆ ನೋಡ್ರಿ. ಕೈ ಮುಗಿ ಅಂತ ಮಕ್ಕಳಿಗೆ ಹೇಳಿದರೆ ಅದು ನೀತಿಪಾಠ. ಯಾಕೆ ಮುಗಿಯಬೇಕು ಅಂತ ಕೇಳಲು ಕಲಿಸಿದರೆ ರಾಜಕೀಯ. ಮೊದಲನೆಯದೂ ರಾಜಕೀಯವೇ, ಬಹಳ ಹಳೆಯ ರಾಜಕೀಯ ಅಂತ ಒಪ್ಪಿಕೊಳ್ಳುವ ಪ್ರಾಮಾಣಿಕತೆ ಒಬ್ಬನಿಗೂ ಇಲ್ಲ.

ಸ್ವಲ್ಪ ದಿನಕ್ಕೆ ಅಕ್ಕೋರಿಗೆ ವರ್ಗಾವಣೆಯ ಆರ್ಡರು ಬಂತು. ಸಂಡೂರಿನ ಆಚೆ, ಯಶವಂತನಗರದ ಕಡೆ, ಗಣಿ ಕೂಲಿಗಳ ಮಕ್ಕಳು ಬರುವ ಸಾಲಿ. ನೋಡಲು ಹೋದೆ. ಅದಿರಿನ ಲಾರಿಗಳ ಧೂಳಿನಲ್ಲಿ ಅಕ್ಕೋರ ಬಿಳಿ ಸೀರೆಯ ಅಂಚು ಕೆಂಪಗಾಗಿತ್ತು. ಗೋಡೆಯ ಮೇಲೆ ಮಕ್ಕಳು ಬರೆದ ಚಿತ್ರ ಅಂಟಿಸಿದ್ದರು: ಮರ ಕೆಂಪು, ಎಮ್ಮೆ ಕೆಂಪು, ಹಳ್ಳದ ನೀರೂ ಕೆಂಪು. ನಾನಿದ್ದಾಗಲೇ ತನಿಖೆಗೆ ಬಂದ ಇನ್ಸ್‌ಪೆಕ್ಟರು ಒಬ್ಬ ಹುಡುಗಿಯ ಚಿತ್ರ ಹಿಡಿದು, "ನೀರಿನ ಬಣ್ಣ ಯಾವ್ದು? ನೀಲಿ. ಅಳಿಸಿ ನೀಲಿ ಹಾಕು" ಅಂದ. ಹುಡುಗಿ ಕಂಗಾಲಾಗಿ ಕಿಟಕಿಯ ಆಚೆಯ ಹಳ್ಳವನ್ನೊಮ್ಮೆ, ಸಾಹೇಬನನ್ನೊಮ್ಮೆ ನೋಡಿದಳು. ಅಕ್ಕೋರು ಮೆತ್ತಗೆ ಅಂದರು: "ಸಾಹೇಬ್ರ, ಮೊದ್ಲು ಆ ಹಳ್ಳಕ್ಕ ನೀಲಿ ಬಣ್ಣ ಹಚ್ಚಿಸ್ರಿ. ಮರುದಿನಾನೇ ನಮ್ಮ ಮಕ್ಕಳು ನೀಲಿ ಬರೀತಾವು." ಇಂಥ ಹೆಂಗಸನ್ನು ಮುಗ್ಧ ಅನ್ನುತ್ತಾರಲ್ರೀ!

ನಿವೃತ್ತಿಯಾಗುವ ತನಕ ಅವರನ್ನು ಗಣಿಯ ಕಡೆಯಿಂದ ಈಚೆಗೆ ಬಿಡಲಿಲ್ಲ. ಆಮೇಲೆ ಹೊಸಪೇಟೆಗೆ ಬಂದು ಒಂದು ಕೋಣೆ ಹಿಡಿದರು. ಧೂಳು ಎದೆಗೆ ಸೇರಿತ್ತು, ನಾಲ್ಕು ಹೆಜ್ಜೆಗೆ ನಿಂತು ಉಸಿರು ತೆಗೆದುಕೊಳ್ಳುವರು. ಕಳೆದ ತಿಂಗಳು ತೀರಿಕೊಂಡರು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಮಾತಿಗಿಂತ ಕೆಮ್ಮೇ ಹೆಚ್ಚಾಗಿತ್ತು. ಆದರೂ "ಆ ಕೊನಿ ಪುಟ" ಅಂದರು. "ಯಾರೂ ಮುಟ್ಟಂಗಿಲ್ರಿ ಅಕ್ಕೋರ" ಅಂದೆ.

ಮುಟ್ಟಿದ್ದರು! ಮೊನ್ನೆಯ ಸಭೆ ಮಾಡಿಸಿದವನು ಸಾವ್ಕಾರರ ಮಗ. ಸಾವ್ಕಾರರು ಹೋಗಿ ಎಷ್ಟೋ ವರ್ಷವಾಯಿತು. ಇವನು ಈಗ ಸಾಲಿ ಕಟ್ಟಿಸಿದ್ದಾನೆ, ನಯವಾಗಿ ಮಾತಾಡುತ್ತಾನೆ, ನನ್ನನ್ನು ಕಾಕಾ ಅನ್ನುತ್ತಾನೆ. ಖುರ್ಚಿ ತುಂಬಲಿ ಅಂತ ತನ್ನ ಸಾಲಿಯ ಮಕ್ಕಳನ್ನು ಯೂನಿಫಾರ್ಮಿನಲ್ಲಿ ತಂದು ಮುಂದಿನ ಸಾಲುಗಳಲ್ಲಿ ಕೂರಿಸಿದ್ದ. ಅಕ್ಕೋರ ಕತೆಗಳನ್ನು ದೊಡ್ಡ ಪುಸ್ತಕ ಮಾಡಿ ಊರೂರಿಗೆ ಹಂಚುತ್ತೇವೆ, ಕಾಲಕ್ಕೆ ತಕ್ಕ ಸಣ್ಣಪುಟ್ಟ ತಿದ್ದುಪಡಿ ಮಾಡಿದ್ದೇವೆ ಅಂದ. ಆಮೇಲೆ ಕಪ್ಪೆಯ ಕತೆಯನ್ನು ತಾನೇ ಓದಿದ. ಕಪ್ಪೆ ಕೈ ಮುಗಿಯಿತು. ಎಮ್ಮೆಯ ಮನಸ್ಸು ಕರಗಿತು. ಎಮ್ಮೆ ಎದ್ದು ನೀರು ಬಿಟ್ಟಿತು. ಕಪ್ಪೆಗಳೆಲ್ಲ ಎಮ್ಮೆಗೆ ಜೈ ಅಂದವು. ಟೀಚರು ಕಣ್ಸನ್ನೆ ಮಾಡಿದ ಮೇಲೆ ಮಕ್ಕಳು ಚಪ್ಪಾಳೆ ತಟ್ಟಿದವು.

"ಹಳೇ ಪ್ರೆಸ್ಸಿನವರು ಎರಡು ಮಾತು ಹೇಳ್ತಾರ" ಅಂತ ನನ್ನನ್ನು ಕರೆದರು. ವೇದಿಕೆಯ ಕಡೆ ನೋಡದೆ ಮಕ್ಕಳ ಕಡೆ ತಿರುಗಿದೆ.

"ಮಕ್ಕಳ್ರಾ, ಈಗ ಓದಿದ್ದು ಅಕ್ಕೋರ ಕತಿ ಅಲ್ಲ. ಅಕ್ಕೋರ ಕತ್ಯಾಗ ಕಪ್ಪಿ ಕೈ ಮುಗೀತು, ಎಮ್ಮಿ ಏಳ್ಲಿಲ್ಲ. ಎಮ್ಮಿ ಏನಂತು ಗೊತ್ತೇನು? ನಾನು ಮಲಗಿರೋದು ನಿಮ್ಮ ಸಲುವಾಗೇ ಅಂತು."

ಒಂದಿಬ್ಬರು ಕಿಸಕ್ಕನೆ ನಕ್ಕರು. ಸಾವ್ಕಾರರ ಮಗ ಹಿಂದಿನಿಂದ "ಕಾಕಾ, ಸಾಕ್ರಿ" ಅಂದ.

"ಕಪ್ಪಿ ಸುಮ್ನಿರಲಿಲ್ಲ. ಮನಿಗೆ ಹೋತು. ಅಪ್ಪ, ಅವ್ವ, ಅಜ್ಜ, ಅಜ್ಜಿ, ಗೆಳೇರು, ಎಲ್ಲಾರ್ನೂ ಕರ್ಕೊಂಡು ಬಂತು. ಎಲ್ಲಾ ಸೇರಿ ಎಮ್ಮಿ ಸುತ್ತ ಕುಂತ್ವು. ಕುಂತು..."

ಆಸ್ಪತ್ರೆಯ ಮಂಚ ಕಣ್ಣಿಗೆ ಕಟ್ಟಿ ಮಾತೇ ಬರಲಿಲ್ಲ. ಆಗ ಮುಂದಿನ ಸಾಲಿನಿಂದ ಒಂದು ಸಣ್ಣ ದನಿ: "ವಟರ್." ಟೀಚರು ಆ ಮಗುವಿನ ತೊಡೆ ಚಿವುಟುವುದರೊಳಗೆ ಪಕ್ಕದಿಂದ ಇನ್ನೊಂದು. ಅದರ ಹಿಂದಿನ ಸಾಲು. ಅದರ ಹಿಂದಿನದು. ಯಾರು ಹೇಳಿಕೊಟ್ಟಿದ್ದರು ಆ ಮಕ್ಕಳಿಗೆ? ಯಾರೂ ಇಲ್ಲ. ಇಡೀ ಮಂಟಪ ವಟ ವಟ ಅಂತ ತುಂಬಿಹೋಯಿತು. ಟೀಚರುಗಳು ಶ್ಶ್ ಅಂದರು, ಬೆರಳು ತೋರಿಸಿದರು, ಒಂದೂ ಕೇಳಲಿಲ್ಲ. ವೇದಿಕೆಯ ಮೇಲಿದ್ದವರು ಖುರ್ಚಿ ಬಿಟ್ಟು ಎದ್ದರು. ಯಾರೋ ಓಡಿ ಹೋಗಿ ಮೈಕು ಬಂದ್ ಮಾಡಿದರು. ಮಕ್ಕಳಿಗೆ ಮೈಕಿನ ಹಂಗು ಎಲ್ಲಿತ್ತು!

ಪುಸ್ತಕದ ಮಾತು ಅಲ್ಲಿಗೇ ನಿಂತಿದೆ. ನಿಲ್ಲಲಿ. ಆ ಸುಳ್ಳು ಪುಟ ಹೊತ್ತುಕೊಂಡು ಬರುವುದಕ್ಕಿಂತ ಬರದಿರುವುದೇ ವಾಸಿ. ಆದರೆ ಸಮಿತಿಯವರು ಆಮೇಲೆ ಕೂತು ಒಂದು ನಿರ್ಣಯವನ್ನಂತೂ ಮಾಡಿದರಂತೆ. ಇನ್ನು ಮೇಲೆ ಪ್ರತಿ ವರ್ಷ ಅಕ್ಕೋರ ಹೆಸರಿನಲ್ಲಿ ಮಕ್ಕಳ ಸಾಹಿತ್ಯದ ಬಗ್ಗೆ ದೊಡ್ಡ ಸಭೆ ನಡೆಯುತ್ತದೆ. ಮಕ್ಕಳನ್ನು ಕರೆಯುವುದಿಲ್ಲ.